ದಕ್ಷಿಣದ ಗಡಿಗೆ ಹೊರಟ ಬಸ್ಸು

ಆ ದೇಶಗಳ ಹೆಸರು ನಾನು ಹೇಳುವುದಿಲ್ಲ. ಹೇಳಿದ ತಕ್ಷಣ ನೀವೂ ಒಂದು ಕಡೆ ಹೋಗಿ ಕೂತುಬಿಡುತ್ತೀರಿ. ನಮ್ಮ ಮನೆಯ ಹಾಲ್‌ನಲ್ಲಿ ಎರಡು ಸೋಫಾಗಳಿವೆ, ಆ ಎರಡನ್ನೂ ಹನ್ನೊಂದು ದಿನ ಗಂಡಸರು ಕೂತು ಸವೆಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಇನ್ನಷ್ಟು ಜನ ಬೇಡ.

ಇಷ್ಟು ತಿಳಿದರೆ ಸಾಕು. ಎರಡು ಸಣ್ಣ ದೇಶಗಳು, ನಡುವೆ ಒಂದು ನದಿ, ನದಿಗೊಂದು ಸೇತುವೆ. ಜನವರಿಯ ಮೊದಲ ವಾರ ಆ ಸೇತುವೆಯ ಮೇಲೆ ಒಂದು ಈರುಳ್ಳಿ ಲಾರಿಯನ್ನು ತಪಾಸಣೆಗೆ ನಿಲ್ಲಿಸಿದರು. ಡ್ರೈವರಿಗೂ ಕಾವಲಿನವನಿಗೂ ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು, ಮೂವರು ಸತ್ತರು. ಅಷ್ಟಕ್ಕೇ ಬಿಟ್ಟಿದ್ದರೆ ಸತ್ತವರ ಮನೆಯವರು ಅತ್ತು ಮಣ್ಣು ಮಾಡಿ ತಮ್ಮ ಬದುಕು ನೋಡಿಕೊಳ್ಳುತ್ತಿದ್ದರು. ಆದರೆ ಆ ಸಣ್ಣ ದೇಶಗಳೆರಡಕ್ಕೂ ಒಬ್ಬೊಬ್ಬ ದೊಡ್ಡಣ್ಣನಿದ್ದ. ನಿನ್ನ ಮೈ ಮುಟ್ಟಿದರೆ ನನ್ನ ಮೈ ಮುಟ್ಟಿದ ಹಾಗೆ ಎಂದು ಯಾವ ಕಾಲದಲ್ಲೋ ಕಾಗದದ ಮೇಲೆ ಬರೆದುಕೊಟ್ಟಿದ್ದ. ಆ ದೊಡ್ಡಣ್ಣಂದಿರಿಗೂ ನೆಂಟರಿದ್ದರು, ನೆಂಟರಿಗೆ ನೆಂಟರಿದ್ದರು. ಒಬ್ಬ ಸೈನ್ಯವನ್ನು ಗಡಿಗೆ ತಂದ ಎಂದು ಇನ್ನೊಬ್ಬ ತಂದ, ಇನ್ನೊಬ್ಬ ತಂದನಲ್ಲ ಎಂದು ಮೂರನೆಯವನು ವಿಮಾನ ಹಾರಿಸಿದ. ಪ್ರತಿಯೊಂದು ದೇಶದ ಮಂತ್ರಿಯೂ ಟೀವಿಗೆ ಬಂದು, ನಮಗೆ ಯುದ್ಧ ಬೇಡ, ಆದರೆ ಕೊಟ್ಟ ಮಾತು ಇದೆಯಲ್ಲ ಎಂದು ಮುಖ ಗಂಟು ಹಾಕಿಕೊಂಡು ಹೇಳಿದ. ಹನ್ನೊಂದನೆಯ ದಿನದ ಹೊತ್ತಿಗೆ ಎಂಟು ದೇಶಗಳು ಕಚ್ಚಾಡುತ್ತಿದ್ದವು. ಆ ಈರುಳ್ಳಿ ಏನಾಯಿತೆಂದು ಯಾರೂ ಕೇಳಲಿಲ್ಲ.

ನಾನು ವಾರಿಜಾಕ್ಷಿ. ಕೊಯಮತ್ತೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ತಮಿಳಿನಲ್ಲಿ ಚರಿತ್ರೆ ಕಲಿಸಿದವಳು. ಮೊದಲನೆಯ ಮಹಾಯುದ್ಧದ ಕಾರಣಗಳು ಎನ್ನುವುದು ಹತ್ತನೇ ಕ್ಲಾಸಿನಲ್ಲಿ ಖಾಯಂ ಪ್ರಶ್ನೆ. ವರ್ಷ ವರ್ಷವೂ ಹುಡುಗಿಯರು ರಾಜಕುಮಾರನನ್ನು ಕೊಂದರು, ಯುದ್ಧವಾಯಿತು ಎಂದು ಬರೆಯುತ್ತಿದ್ದರು. ಅದಕ್ಕೆ ನಾನು ಅರ್ಧ ಮಾರ್ಕು ಕೊಡುತ್ತಿದ್ದೆ. ಒಬ್ಬರಿಗೊಬ್ಬರು ಕೈ ಬೆಸೆದುಕೊಂಡು ಬಾವಿಯ ಕಟ್ಟೆ ಮೇಲೆ ನಿಂತಿದ್ದರಲ್ಲ, ಅದನ್ನು ಬರೆಯಿರಿ, ಯಾರು ಜಾರಿದರು ಎನ್ನುವುದು ಆಮೇಲೆ ಎನ್ನುತ್ತಿದ್ದೆ. ಯುದ್ಧ ಶುರುವಾಗುವುದು ಹೇಗೆಂದು ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಬಡಾವಣೆ ಪೀಳಮೇಡಿನಲ್ಲಿ ಇರಲಿಲ್ಲ ಎಂದೇ ನನ್ನ ಅಭಿಪ್ರಾಯವಾಗಿತ್ತು. ಮದುವೆಯಾಗಲಿಲ್ಲ, ತಮ್ಮ ಗುರುಪ್ರಸನ್ನನ ಮನೆಯಲ್ಲೇ ಇದ್ದೇನೆ. ಅವನು ಆಡಿಟರ್, ಅವನ ಹೆಂಡತಿ ಶ್ರೀವಾಣಿ ಹಲ್ಲಿನ ಡಾಕ್ಟರು. ಅವರಿಗೆ ಒಬ್ಬಳೇ ಮಗಳು, ಗೋಪಿಕಾ.

ಆ ಗೋಪಿಕಾ ಇದ್ದದ್ದು ಆ ಸಣ್ಣ ದೇಶಗಳಲ್ಲೊಂದರಲ್ಲಿ, ಐದನೇ ವರ್ಷದ ಮೆಡಿಕಲ್ ಓದುತ್ತ. ಸರ್ಜನ್ ಆಗಬೇಕೆಂಬ ಹುಚ್ಚು ಅವಳಿಗೆ. ರಜೆಗೆ ಬಂದಾಗ ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕಿ ಅಭ್ಯಾಸ ಮಾಡುತ್ತಿದ್ದಳು. ಕೈ ಅಷ್ಟು ಸೂಕ್ಷ್ಮ. ಎಂಟನೆಯ ದಿನ ಅವಳ ಊರಿನ ವಿಮಾನ ನಿಲ್ದಾಣದ ಮೇಲೆ ಬಾಂಬು ಬಿತ್ತು. ಇನ್ನು ಹೊರಗೆ ಬರಬೇಕಾದರೆ ರಸ್ತೆಯಲ್ಲೇ, ಯಾವುದಾದರೊಂದು ಗಡಿ ದಾಟಿ. ಅವಳು ಆ ಊರು ಬಿಟ್ಟು ಬರಬೇಕಿತ್ತು, ಅಷ್ಟೇ. ನಮಗೆ ಬೇಕಾಗಿದ್ದದ್ದು ಅದೊಂದೇ. ಆದರೆ ನಮ್ಮ ಮನೆಯಲ್ಲಿ ಗಂಡಸರಿದ್ದರು.

ಒಂದನೇ ಸೋಫಾ ಅನಂತಪದ್ಮನಾಭನದು. ನಮ್ಮ ದೊಡ್ಡಪ್ಪನ ಮಗ, ಬ್ಯಾಂಕ್ ಮ್ಯಾನೇಜರಾಗಿ ರಿಟೈರಾದವನು. ರಿಟೈರಾದ ಮೇಲೆ ಅವನಿಗೆ ಸಾಲ ಕೇಳಲು ಬರುವವರು ತಪ್ಪಿಹೋಗಿ, ಆ ಗತ್ತನ್ನೆಲ್ಲ ಈಗ ಜಗತ್ತಿನ ಮೇಲೆ ಹಾಕುತ್ತಾನೆ. ಎರಡನೇ ಸೋಫಾ ಶ್ರೀವಾಣಿಯ ಅಣ್ಣ ಅಕ್ಷೋಭ್ಯನದು, ಪಂಪು ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಈ ಇಬ್ಬರ ವೈರಕ್ಕೆ ಇಪ್ಪತ್ತನಾಲ್ಕು ವರ್ಷ. ಗುರುಪ್ರಸನ್ನನ ಮದುವೆಯ ದಿನ ಬೆಳಗ್ಗೆ ಹೆಣ್ಣಿನ ಕಡೆಯವರು ಅನಂತಣ್ಣನಿಗೆ ಎರಡನೇ ಡಿಕಾಕ್ಷನ್ನಿನ ಕಾಫಿ ಕೊಟ್ಟರಂತೆ. ಕಾಫಿಯ ಉಸ್ತುವಾರಿ ಅಕ್ಷೋಭ್ಯನದಾಗಿತ್ತು. ನೀರು ನೀರಾಗಿದ್ದ ಆ ಅರ್ಧ ಲೋಟ ಕಾಫಿಯನ್ನು ಅನಂತಣ್ಣ ಇವತ್ತಿಗೂ ಕುಡಿಯುತ್ತಲೇ ಇದ್ದಾನೆ. ಅಂದಿನಿಂದ ಅವನು ಪೂರ್ವ ಎಂದರೆ ಇವನು ಪಶ್ಚಿಮ.

ಹಾಗಾಗಿ ಅನಂತಣ್ಣ ಒಬ್ಬ ದೊಡ್ಡಣ್ಣನ ಪಕ್ಷ ಹಿಡಿದ, ಅಕ್ಷೋಭ್ಯ ಇನ್ನೊಬ್ಬನದು ಹಿಡಿದ. ಇಬ್ಬರಿಗೂ ಆ ದೇಶಗಳು ಭೂಪಟದಲ್ಲಿ ಎಲ್ಲಿವೆ ಎಂದು ತಿಂಗಳ ಹಿಂದೆ ಗೊತ್ತಿರಲಿಲ್ಲ. ಈಗ ಇಬ್ಬರೂ ಕ್ಷಿಪಣಿಯ ಹೆಸರುಗಳನ್ನು ಮೊಮ್ಮಕ್ಕಳ ಹೆಸರಿನ ಹಾಗೆ ಹೇಳುತ್ತಿದ್ದರು. ಗುರುಪ್ರಸನ್ನ ಅನಂತಣ್ಣನ ಮಾತಿಗೆ ಎದುರಾಡುವವನಲ್ಲ, ಅಪ್ಪ ಹೋದಾಗ ಅವನನ್ನು ಓದಿಸಿ ದಾರಿಗೆ ತಂದವನು ಅನಂತಣ್ಣ. ಶ್ರೀವಾಣಿ ತನ್ನ ಅಣ್ಣನನ್ನು ಬಿಟ್ಟುಕೊಡುವವಳಲ್ಲ, ತಾಯಿಯಿಲ್ಲದ ಅವಳನ್ನು ಸಾಕಿದವನು ಅವನು. ಮಗಳಿಗಾಗಿ ಒಟ್ಟಿಗೆ ಅಳಬೇಕಾದ ಗಂಡ ಹೆಂಡತಿ ಬೇರೆ ಬೇರೆ ಸೋಫಾದಲ್ಲಿ ಕೂತು ಟೀವಿ ನೋಡುತ್ತಿದ್ದರು. ನಾನು ಊಟದ ಮೇಜಿನ ಹತ್ತಿರ ಕೂತು ಇಡೀ ಹಾಲ್ ಅನ್ನು ಹೀಯಾಳಿಸುತ್ತಿದ್ದೆ. ಎಷ್ಟು ಸಲೀಸಾಗಿ ಅರ್ಥವಾಗಿಬಿಟ್ಟಿತ್ತು ನನಗೆ ಎಲ್ಲವೂ.

ಇಲ್ಲಿ ನಮ್ಮ ಮನೆಯ ಒಂದು ಚಾಳಿ ಹೇಳಬೇಕು. ನಮ್ಮವರು ಈ ಊರಿಗೆ ಬಂದು ಆರೇಳು ತಲೆಮಾರಾಯಿತು. ಕನ್ನಡ ಓದಲು ಬರುವವರು ಮನೆಯಲ್ಲಿ ಇಲ್ಲ, ನಾನೊಬ್ಬಳು ರಿಟೈರಾದ ಮೇಲೆ ಹಟ ಹಿಡಿದು ಅಕ್ಷರ ಕಲಿತೆ. ಆದರೆ ಮಾತು ಉಳಿದಿದೆ. ಉಳಿದದ್ದು ಭಾಷಾಭಿಮಾನದಿಂದ ಎಂದು ಅನಂತಣ್ಣ ಸಭೆಗಳಲ್ಲಿ ಹೇಳುತ್ತಾನೆ. ಸುಳ್ಳು. ಎದುರಿಗಿರುವವರಿಗೆ ತಿಳಿಯದ ಹಾಗೆ ಅವರನ್ನು ಬೈಯಲು ಬೇಕೆಂದು ಉಳಿಸಿಕೊಂಡಿದ್ದೇವೆ. ತರಕಾರಿ ಗಾಡಿಯವನ ಮುಂದೆ, ಆಟೋದಲ್ಲಿ, ಡಾಕ್ಟರ ಕೋಣೆಯ ಹೊರಗೆ, ಸಂಬಂಧ ಮಾತಾಡಲು ಹೋದ ಮನೆಯಲ್ಲಿ, ತಮಿಳಿನಲ್ಲಿ ನಗುನಗುತ್ತ ಮಾತಾಡಿ, ಮುಖ ಅತ್ತ ತಿರುಗಿಸಿ, ದನಿ ಕೂಡ ತಗ್ಗಿಸದೆ, ಕನ್ನಡದಲ್ಲಿ ಒಂದು ಮಾತು ಬಿಸಾಡುವುದು. ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದಳು, ಅಮ್ಮ ಮಾಡುತ್ತಿದ್ದಳು. ನನಗೆ ಅದರಲ್ಲಿ ವಿಶೇಷ ಪಳಗಿದ ಕೈ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೆಮ್ಮೆಪಡುತ್ತಿದ್ದೆ.

ಹನ್ನೊಂದನೆಯ ದಿನ ಗೋಪಿಕಾಳ ಮುಂದೆ ಎರಡು ಬಸ್ಸುಗಳಿದ್ದವು. ಒಂದು, ಅವಳನ್ನು ಅಲ್ಲಿಗೆ ಕಳಿಸಿದ ಏಜೆಂಟ್ ಸೆಲ್ವಕುಮಾರ್ ಏರ್ಪಾಡು ಮಾಡಿದ್ದು. ಅವಿನಾಶಿ ರೋಡಿನಲ್ಲಿ ಅವನ ಆಫೀಸು, ಅನಂತಣ್ಣನಿಗೆ ಪರಿಚಯ. ಆ ಬಸ್ಸು ಉತ್ತರದ ಗಡಿಗೆ ಹೋಗುತ್ತದೆ, ಐದು ಗಂಟೆಯ ದಾರಿ. ಇನ್ನೊಂದು, ಅಲ್ಲಿನ ನಮ್ಮ ಹುಡುಗರೇ ಸೇರಿ ಒಬ್ಬ ಡ್ರೈವರನನ್ನು ಒಪ್ಪಿಸಿ ಮಾಡಿಕೊಂಡದ್ದು. ಅದು ದಕ್ಷಿಣದ ಗಡಿಗೆ, ಹನ್ನೆರಡು ಗಂಟೆಯ ದಾರಿ. ಹುಡುಗರ ಬಸ್ಸಿನಲ್ಲಿ ಒಂದೇ ಸೀಟು ಉಳಿದಿತ್ತು. ಅಲ್ಲಿ ಬೆಳಗ್ಗೆ ಹತ್ತು, ನಮಗೆ ಮಧ್ಯಾಹ್ನ ಒಂದೂವರೆ. ಹೊರಡಲು ಕಾಲು ಗಂಟೆಯಿದೆ, ಏನು ಮಾಡಲಿ ಎಂದು ಅವಳು ವೀಡಿಯೊ ಕಾಲ್ ಮಾಡಿದಳು. ಕೆಂಪು ಉಣ್ಣೆಯ ಟೋಪಿ, ಮೂಗಿನ ತುದಿಯೂ ಅಷ್ಟೇ ಕೆಂಪು.

"ಅಪ್ಪಾ, ನಾನು ಹುಡುಗರ ಬಸ್ಸಲ್ಲಿ ಹೋಗ್ಲಾ? ಬೇಗ ಹೇಳಿ," ಎಂದಳು.

ಗುರುಪ್ರಸನ್ನ ಫೋನನ್ನು ಟೀಪಾಯಿಯ ಮೇಲೆ ಹೂದಾನಿಗೆ ಒರಗಿಸಿಟ್ಟು ಅನಂತಣ್ಣನ ಮುಖ ನೋಡಿದ. ಅನಂತಣ್ಣ ಗಂಟಲು ಸರಿ ಮಾಡಿಕೊಂಡ.

"ಉತ್ತರಕ್ಕೇ ಹೋಗ್ಲಿ. ಆ ಗಡಿಯಾಚೆ ದೇಶಕ್ಕೆ ನಮ್ಮ ದೊಡ್ಡಣ್ಣನ ಜೊತೆ ನಲವತ್ತು ವರ್ಷದ ಒಪ್ಪಂದ ಇದೆ ಗುರು. ಅದರ ಮೇಲೆ ಯಾರು ಕೈ ಮಾಡ್ತಾರೆ? ಆ ಗಡಿ ಮುಚ್ಚೋ ಮಾತೇ ಇಲ್ಲ."

"ಒಪ್ಪಂದ ಇದೆ ಅಂತಾನೇ ಅವರೂ ಇಳೀಬೇಕಾಗತ್ತೆ," ಎಂದ ಅಕ್ಷೋಭ್ಯ, ಗೋಡೆಯನ್ನು ನೋಡುತ್ತ. ಅನಂತಣ್ಣನ ಜೊತೆ ಅವನು ನೇರ ಮಾತಾಡುವುದಿಲ್ಲ. "ದಕ್ಷಿಣದೋರು ಯಾರ ತಂಟೆಗೂ ಇಲ್ಲ. ಶ್ರೀವಾಣಿ, ನೀನು ಹೇಳು ನಿನ್ನ ಗಂಡನಿಗೆ."

ಅವನು ಹೇಳಿದ್ದು ಸರಿಯಾಗಿತ್ತು. ಸರಿ ಎಂದು ಅವನಿಗೆ ಗೊತ್ತಿದ್ದು ಹೇಳಿದ್ದಲ್ಲ, ಅನಂತಣ್ಣ ಉತ್ತರ ಎಂದ ಕಾರಣಕ್ಕೆ ದಕ್ಷಿಣ ಎಂದ. ಶ್ರೀವಾಣಿ ಗಂಡನಿಗೆ ಹೇಳಿದಳು. ಗಂಡ, ಅಣ್ಣನ ಮಾತು ಮೀರೋದು ಹೇಗೆ ಎಂದ. ಹಾಗಾದರೆ ನನ್ನ ಅಣ್ಣನ ಮಾತಿಗೆ ಬೆಲೆಯಿಲ್ಲವಾ ಎಂದು ಅವಳು. ಹೀಗೆ ಏಳೆಂಟು ನಿಮಿಷ. ಗೋಪಿಕಾ ನಡುವೆ ಎರಡು ಸಲ ಅಪ್ಪಾ ಅಪ್ಪಾ ಎಂದಳು. ಆಮೇಲೆ ಪರದೆಯ ಮೇಲೆ ಅವಳ ಮುಖ ಪಕ್ಕಕ್ಕೆ ಸರಿದು ಒಬ್ಬ ಹುಡುಗನ ಮುಖ ಬಂತು. ಕುರುಚಲು ಗಡ್ಡ, ನಿದ್ದೆಗೆಟ್ಟ ಕಣ್ಣು, ಕಿವಿ ಮುಚ್ಚಿದ ಮಫ್ಲರು.

ಅವನು ತಮಿಳಿನಲ್ಲಿ ಮಾತಾಡಿದ. ಹೆಸರು ತಿರುಮೂರ್ತಿ, ಬಸ್ಸಿನ ಏರ್ಪಾಡು ತನ್ನದು, ಒಂದು ಸೀಟಿಗೆ ಇನ್ನಿಬ್ಬರು ಕಾದಿದ್ದಾರೆ, ಗೋಪಿಕಾ ಬರುವುದಾದರೆ ಮೊದಲು ಅವಳಿಗೆ. ಮಾತಿನಲ್ಲಿ ನಮ್ಮ ಕಡೆಯ ಹಳ್ಳಿಯ ರಾಗ ಎದ್ದು ಕಾಣುತ್ತಿತ್ತು. ತೋಟದ ಮನೆಯ ರಾಗ. ಮರ್ಯಾದೆಯಾಗಿಯೇ ಮಾತಾಡಿದ. ಆದರೆ ಕೊನೆಗೆ, ದೊಡ್ಡವರು ಹೀಗೇ ಮಾತಾಡುತ್ತ ಇದ್ದರೆ ಬಸ್ಸು ಹೊರಟು ಹೋಗುತ್ತದೆ, "ಸೀಕ್ರಂ ಸೊಲ್ಲುಂಗ" ಎಂದುಬಿಟ್ಟ. ಬೇಗ ಹೇಳಿ ಎಂದು, ನಮಗೆ.

ಅಷ್ಟು ಹೊತ್ತು ಸುಮ್ಮನಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಆ ಗಂಡಸರ ಮೇಲೆ ಹನ್ನೊಂದು ದಿನದಿಂದ ಕುದಿಯುತ್ತಿದ್ದದ್ದು ಈ ಹುಡುಗನ ಮೇಲೆ ಉಕ್ಕಿತು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ನಿಲ್ಲಿಸಿ ಕೂರಿಸಿದವಳಿಗೆ ಇವನು ಗಡಿಯಾರ ತೋರಿಸುವುದೇ? ನಾನು ಎದ್ದು ಹೋಗಿ ಫೋನಿನ ಮುಂದೆ ನಿಂತು, ಮುಖ ಗುರುಪ್ರಸನ್ನನ ಕಡೆ ತಿರುಗಿಸಿ, ಕನ್ನಡದಲ್ಲಿ ಹೇಳಿದೆ:

"ದನ ಮೇಯಿಸೋ ಮನೆಯೋನಿಗೆ ಡಾಕ್ಟರ್ ಸೀಟು ಸಿಕ್ಕಿದ್ದೇ ಹೆಚ್ಚು, ಇನ್ನು ನಮಗೆ ಬುದ್ಧಿ ಹೇಳಕ್ಕೆ ಬಂದಿದಾನೆ. ಹತ್ತು ನಿಮಿಷ ಕಾಯಲಿ ಬಿಡು. ಊರೋರ ಬಾಗಿಲಲ್ಲಿ ಕಾಯೋದು ಇವರಿಗೇನು ಹೊಸದಾ?"

ಅಕ್ಷೋಭ್ಯ ಕಿಸಕ್ಕನೆ ನಕ್ಕ. ಅನಂತಣ್ಣನೂ ನಕ್ಕ. ಆಮೇಲೆ ಫೋನಿನಿಂದ ದನಿ ಬಂತು. ಅದೇ ದನಿ, ಅದೇ ನಿಧಾನ, ಕನ್ನಡದಲ್ಲಿ.

"ಕಾಯಕ್ಕಾಗಾದಿಲ್ಲ ಅಮ್ಮ. ಇನ್ನೂ ಎರಡು ಪೇರು ನಿಂತವ್ರೆ. ನಿಮ್ಮ ಹುಡುಗಿ ಬತ್ತಾಳಾ, ಬರಾದಿಲ್ವಾ? ಅದ ಮಾತ್ರ ಹೇಳ್ಬುಡಿ."

ಉಡುಮಲೆ, ಪಲ್ಲಡಂ ಕಡೆಯ ತೋಟಗಳಲ್ಲಿ ನಮಗಿಂತ ಎಷ್ಟೋ ಮೊದಲು ಬಂದು ನೆಲೆಸಿದ ಒಕ್ಕಲುಮಕ್ಕಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ ಎಂದು ಚರಿತ್ರೆಯ ಟೀಚರಾದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲೋ ಓದಿದ್ದೆ. ಆದರೆ ಆ ಕನ್ನಡವನ್ನು ಕನ್ನಡವೆಂದೇ ನಾವು ಲೆಕ್ಕಕ್ಕೆ ಇಟ್ಟವರಲ್ಲ, ಅವರನ್ನು ಮಾತಾಡಿಸಿದವರೂ ಅಲ್ಲ. ಬಸ್ಸಿನಲ್ಲಿ ಒಂದೂವರೆ ಗಂಟೆಯ ದೂರದಲ್ಲಿರುವ ಜನ.

ಆಗ ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ತಪ್ಪಾಯಿತಪ್ಪ, ಕರೆದುಕೊಂಡು ಹೋಗು. ಆದರೆ ಬಾಯಿಂದ ಬಂದದ್ದು ಬೇರೆ. "ನಿಮ್ದು ಯಾವ ಊರು? ನಿಮ್ಮ ಮನೇಲಿ ಕನ್ನಡವಾ?" ಎಂದು ಕೇಳಿದೆ, ಮೇಷ್ಟ್ರಗಿತ್ತಿಯ ದನಿಯಲ್ಲಿ, ಅವನೇ ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ.

"ಉಡುಮಲೆ ತಾವ," ಎಂದಷ್ಟೇ ಹೇಳಿ ಅವನು ಪರದೆಯಿಂದ ಸರಿದ.

ಅನಂತಣ್ಣ ತಟಕ್ಕನೆ ಬಗ್ಗಿ ಫೋನಿನಲ್ಲಿ ನಮ್ಮ ದನಿ ಅತ್ತ ಕೇಳಿಸದ ಹಾಗೆ ಮಾಡಿದ. ಬ್ಯಾಂಕಿನಲ್ಲಿ ಕಳ್ಳ ಸಹಿ ಹಿಡಿದಾಗಲೂ ಅವನ ಮುಖ ಅಷ್ಟು ಗಂಭೀರವಾಗಿದ್ದಿರಲಾರದು.

"ಇಷ್ಟು ಕೇಳಿಸ್ಕೊಂಡ ಮೇಲೆ ಅವನು ಸುಮ್ನೆ ಇರ್ತಾನಾ? ಹನ್ನೆರಡು ಗಂಟೆ ದಾರಿ. ನಡು ರೋಡಲ್ಲಿ ಮಗೂನ ಇಳಿಸಿಬಿಟ್ರೆ ಏನು ಮಾಡ್ತೀಯ ಗುರು?"

"ಅದು ಶರಿ ಅಣ್ಣಾ," ಎಂದ ಅಕ್ಷೋಭ್ಯ. "ಸೇಡು ಇಟ್ಕೊಳ್ಳೋ ಜನ ಅದು. ನಾನು ದಕ್ಷಿಣ ಅಂದಿದ್ದು ನಿಜ, ಆದ್ರೆ ಇವನ ಬಸ್ಸಲ್ಲಿ ಬೇಡ."

ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅಕ್ಷೋಭ್ಯ ಅವನನ್ನು ಅಣ್ಣಾ ಎಂದ. ಎರಡು ಸೋಫಾಗಳೂ ಒಂದಾದವು, ಅಲ್ಲಿ ಚಳಿಯಲ್ಲಿ ನಿಂತಿದ್ದ ಒಬ್ಬ ಹುಡುಗನ ವಿರುದ್ಧ. ನಾವೇ ಅವನಿಗೆ ಹೊಡೆದು, ಅವನಿಗೆ ಕೋಪ ಬಂದಿರಬೇಕೆಂದು ಹೆದರಿ, ಹೆದರಿದ್ದಕ್ಕಾಗಿ ಅವನನ್ನು ಶತ್ರು ಮಾಡಿದೆವು. ಸಾಮ್ರಾಜ್ಯಗಳು ಇದಕ್ಕಿಂತ ಹೆಚ್ಚಿನ ಬುದ್ಧಿಯಿಂದ ಸತ್ತಿಲ್ಲ. ಅದನ್ನು ನಾನು ಆ ಕ್ಷಣವೇ ಕಂಡೆ, ಹೇಳಲಿಲ್ಲ. ಹೇಳಹೊರಟರೆ ಮೊದಲು ನನ್ನ ಮಾತಿನಿಂದ ಶುರು ಮಾಡಬೇಕಿತ್ತು.

ಗುರುಪ್ರಸನ್ನ ಫೋನು ತೆಗೆದುಕೊಂಡ. "ಗೋಪಿ, ಏಜೆಂಟ್ ಬಸ್ಸಲ್ಲೇ ಹೋಗಮ್ಮ. ದೊಡ್ಡೋರೆಲ್ಲ ಹೇಳ್ತಿದಾರೆ."

"ಶರಿ," ಎಂದಳು ಅವಳು. ಮುಖ ಕಾಣಿಸಲಿಲ್ಲ, ಟೋಪಿಯ ಒಂದು ತುದಿ ಮಾತ್ರ. ಫೋನು ಕಟ್ಟಾಯಿತು.

ಹುಡುಗರ ಬಸ್ಸು ಅಂದು ರಾತ್ರಿಯೇ ದಕ್ಷಿಣದ ಗಡಿ ದಾಟಿತು. ಅದಾದ ಆರನೆಯ ದಿನ ಅವರೆಲ್ಲ ಚೆನ್ನೈನಲ್ಲಿ ಇಳಿದರು.

ಅನಂತಣ್ಣನ ಉತ್ತರದ ದೇಶ ಅದೇ ಮಧ್ಯಾಹ್ನ ಯುದ್ಧಕ್ಕೆ ಇಳಿಯಿತು. ನಲವತ್ತು ವರ್ಷದ ಒಪ್ಪಂದ ಇತ್ತಲ್ಲ, ಅದಕ್ಕೇ ಇಳಿಯಿತು. ಒಂಬತ್ತನೆಯ ದೇಶ. ಗೋಪಿಕಾಳ ಬಸ್ಸು ಇನ್ನೂ ಹದಿನೆಂಟು ಕಿಲೋಮೀಟರ್ ಇರುವಾಗ ಗಡಿ ಮುಚ್ಚಿದರು. ಡ್ರೈವರು ಎಲ್ಲರನ್ನೂ ಇಳಿಸಿ ಬಸ್ಸು ತಿರುಗಿಸಿಕೊಂಡು ಹೋದ. ಸೆಲ್ವಕುಮಾರನ ಫೋನು ಸ್ವಿಚ್ ಆಫ್. ನಾಲ್ಕು ದಿನ ಆ ಮಕ್ಕಳು ಹಿಮದ ರಸ್ತೆಯ ಪಕ್ಕ ಮುರಿದ ಲಾರಿಗಳಲ್ಲಿ ಕೂತು ಕಳೆದರು. ಆಮೇಲೆ ಒಂದು ಶಾಲೆಯ ನೆಲಮಾಳಿಗೆಯಲ್ಲಿ. ನಮಗೆ ಇದು ಒಂದೊಂದೇ ತುಣುಕಾಗಿ ತಿಳಿಯಿತು, ಹತ್ತು ಸೆಕೆಂಡಿನ ಫೋನು, ಅರ್ಧ ಸಾಲಿನ ಮೆಸೇಜು. ಶ್ರೀವಾಣಿ ಹಾಲ್‌ನಲ್ಲಿ ನೆಲದ ಮೇಲೆ ಮಲಗುತ್ತಿದ್ದಳು, ಸೋಫಾದ ಮೇಲೆ ಕೂರುತ್ತಿರಲಿಲ್ಲ. ನನಗೆ ಅನ್ನ ಇಳಿಯುತ್ತಿರಲಿಲ್ಲ. ಗೋಪಿಕಾ ಹುಟ್ಟಿದಾಗ ಅವಳನ್ನು ಮೊದಲು ಎತ್ತಿಕೊಂಡವಳು ನಾನು.

ಸೋಫಾಗಳು ಮತ್ತೆ ಬೇರೆಯಾದವು. ನಾನು ದಕ್ಷಿಣ ಎಂದು ಹೇಳಿರಲಿಲ್ಲವೇ ಎಂದು ಅಕ್ಷೋಭ್ಯ ಗೋಡೆಗೆ ಹೇಳಿದ. ಯಾರೂ ಊಹಿಸಿರಲಿಲ್ಲ, ಅಂತರರಾಷ್ಟ್ರೀಯ ತಜ್ಞರೇ ಊಹಿಸಿರಲಿಲ್ಲ ಎಂದು ಅನಂತಣ್ಣ ಹೇಳಿದ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಬೀಸಣಿಗೆಯಾಗಿ ಬೀಸಿಕೊಳ್ಳುತ್ತ ಹೇಳಿದ. ನಾನು ಅವರಿಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದೆ. ನಿಮ್ಮ ಕಾಫಿಯ ಜಗಳಕ್ಕೆ ಮಗುವನ್ನು ಬಲಿ ಕೊಟ್ಟಿರಿ ಎಂದೆ. ಪ್ರತಿದಿನ ಬೈದೆ, ಬೈದ ಮೇಲೆ ಸ್ವಲ್ಪ ಹೊತ್ತು ಎದೆ ಹಗುರವಾಗುತ್ತಿತ್ತು. ನನ್ನ ಮಾತಿನ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹತ್ತೊಂಬತ್ತನೆಯ ದಿನ ಯಾವುದೋ ಪರಿಹಾರ ಸಂಸ್ಥೆಯವರು ಆ ಮಕ್ಕಳನ್ನು ಗಡಿ ದಾಟಿಸಿದರು. ಗೋಪಿಕಾ ಬಂದಳು. ಬಲಗೈಯ ಹೆಬ್ಬೆರಳೂ ಅದರ ಪಕ್ಕದ ಬೆರಳೂ ಹಿಮಕ್ಕೆ ಕಪ್ಪಾಗಿ ಸತ್ತುಹೋಗಿದ್ದವು, ಅಲ್ಲಿನ ಆಸ್ಪತ್ರೆಯಲ್ಲೇ ತೆಗೆದಿದ್ದರು. ಏರ್‌ಪೋರ್ಟಿನಲ್ಲಿ ಅವಳು ಅಳಲಿಲ್ಲ. ಆ ಕೈಯನ್ನು ಸ್ವೆಟರಿನ ಜೇಬಿನಲ್ಲಿ ಇಟ್ಟುಕೊಂಡು ಎಡಗೈಯಿಂದ ಅಮ್ಮನ ಬೆನ್ನು ಸವರಿದಳು. ಆಪರೇಷನ್ ಥಿಯೇಟರಿನ ಮಾತನ್ನು ಅವಳು ಎತ್ತಲಿಲ್ಲ, ನಾವು ಯಾರೂ ಎತ್ತುವ ಧೈರ್ಯ ಮಾಡಲಿಲ್ಲ. ಯುದ್ಧ ಅತ್ತ ನಡೆಯುತ್ತಲೇ ಇತ್ತು. ಹನ್ನೆರಡು ದೇಶವಾಯಿತೆಂದು ಟೀವಿಯವನು ಕ್ರಿಕೆಟ್ ಸ್ಕೋರಿನ ಹಾಗೆ ಹೇಳುತ್ತಿದ್ದ.

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಗೇಟಿನ ಹತ್ತಿರ ತಿರುಮೂರ್ತಿ ನಿಂತಿದ್ದ. ಜೊತೆಗೆ ಅವನ ತಾಯಿ ಸುಬ್ಬಾತಾಳ್, ಸಣ್ಣ ಕಟ್ಟಿನ ಹೆಂಗಸು, ಬಿಸಿಲಿಗೆ ಕರಿದಾದ ಮುಖ, ಕೈಯಲ್ಲಿ ಒಂದು ಚೀಲ ತೆಂಗಿನಕಾಯಿ. ಗೋಪಿಕಾಳನ್ನು ನೋಡಿಕೊಂಡು ಹೋಗಲು ಬಂದಿದ್ದರು. ಹಾಲ್‌ನಲ್ಲಿ ಎಂದಿನಂತೆ ಅನಂತಣ್ಣ ಒಂದು ಕಡೆ, ಅಕ್ಷೋಭ್ಯ ಒಂದು ಕಡೆ. ಬಂದವರು ಯಾರೆಂದು ತಿಳಿದ ತಕ್ಷಣ ಇಬ್ಬರೂ ಪೇಪರಿನ ಹಿಂದೆ ಮುಖ ಇಟ್ಟುಕೊಂಡರು. ಒಂದೇ ಪೇಪರಿನ ಎರಡು ಹಾಳೆ.

ಸುಬ್ಬಾತಾಳ್ ಗೋಪಿಕಾಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನನ್ನನ್ನು ನೋಡಿ ನಕ್ಕಳು.

"ನಿಮ್ಮನೇಲೂ ನಮ್ಮ ಮಾತೇ ಅಂತೆ ಅಲ್ವಾ ಅಮ್ಮ? ಮೂರ್ತಿ ಹೇಳ್ದ. ಇಷ್ಟು ವರ್ಸ ಗೊತ್ತೇ ಇಲ್ದೆ ಹೋಯ್ತು ನೋಡಿ. ಈ ಕೋವೈ ಊರಲ್ಲಿ ನಮ್ಮ ಮಾತು ಆಡೋರು ಅವ್ರೆ ಅಂತ ತಿಳ್ದಿದ್ರೆ ಆಸ್ಪತ್ರಿಗೆ ಬಂದಾಗ ಬಂದು ಹೋಗ್ತಿದ್ನಲ್ಲ."

ಅವಳಿಗೆ ಗೊತ್ತಿರಲಿಲ್ಲ. ಮಗ ತಾಯಿಗೆ ಹೇಳಿದ್ದು ಅಷ್ಟು ಮಾತ್ರ. ನಾನು ಒಳಗೆ ಹೋಗಿ ಹೊಸದಾಗಿ ಡಿಕಾಕ್ಷನ್ ಇಳಿಸಿ ಬೆಳ್ಳಿ ಲೋಟದಲ್ಲಿ ಕಾಫಿ ತಂದುಕೊಟ್ಟೆ. ಕೊಡುವಾಗ ಸ್ವಲ್ಪ ಬಟ್ಟಲಿಗೆ ಚೆಲ್ಲಿತು. ಪರವಾಯಿಲ್ಲೆ ಎಂದು ಅವಳು ಬಟ್ಟಲಿನಲ್ಲಿದ್ದದ್ದನ್ನೂ ಕುಡಿದಳು.

ಅವರು ಹೊರಟಾಗ ನಾನು ಗೇಟಿನವರೆಗೆ ಹೋದೆ. ತಾಯಿ ಮುಂದೆ ನಡೆದಿದ್ದಳು. "ಅವತ್ತು ನಾನು ಆಡಿದ್ದು ತಪ್ಪಪ್ಪ," ಎಂದೆ. ಎರಡು ತಿಂಗಳು ತಡವಾಗಿ, ಯಾರೂ ಕೇಳದ ಜಾಗದಲ್ಲಿ.

"ಬಿಡೀಮಾ," ಎಂದ ಅವನು. ಗೇಟಿನ ಚಿಲಕ ತೆಗೆದ. "ಆ ಸೀಟ ನಾ ಕೂಡ್ಲೆ ಯಾರಿಗೂ ಕೊಡಲಿಲ್ಲ. ಬಸ್ಸ ಹತ್ತು ನಿಮಿಸ ನಿಲ್ಲಿಸ್ದೆ. ಡ್ರೈವರು ಬಯ್ದ. ಆಮೇಲೆ ಆ ಇಬ್ರನ್ನೂ ಒಂದೇ ಸೀಟಲ್ಲಿ ಕೂರಿಸ್ಕೊಂಡು ಹೊರಟೋ."

ನಾನು ಒಳಗೆ ಬಂದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಒಂದು ಆಯುಧ ಸಿಕ್ಕ ಹಾಗಾಗಿತ್ತು ನನಗೆ. ಎರಡು ಸೋಫಾಗಳ ನಡುವೆ ನಿಂತು ಶುರು ಮಾಡಿದೆ.

"ಕೇಳಿದ್ರಾ? ಸೇಡು ತೀರಿಸ್ಕೊಳ್ತಾನೆ ಅಂದ್ರಲ್ಲ, ಆ ಹುಡುಗ ಇವಳಿಗೋಸ್ಕರ ಬಸ್ಸು ನಿಲ್ಲಿಸಿದ್ದನಂತೆ. ಸೀಟು ಖಾಲಿ ಇಟ್ಟಿದ್ದನಂತೆ. ನೀವಿಬ್ಬರೂ ಸೇರಿ ಆ ಬಸ್ಸು ಬೇಡ ಅಂತ ಹೇಳಿಸಿದ್ರಿ. ನಿಮ್ಮ ಮಾತು ಕೇಳಿ ಈ ಮಗು ಸಾಯೋ ಬಸ್ಸು ಹತ್ತಿತು. ಈ ಕೈಗೆ ನೀವಿಬ್ಬರೇ ಹೊಣೆ. ನಾನು ಸಾಯೋವರೆಗೂ ಇದನ್ನ ಹೇಳ್ತೀನಿ."

ಅನಂತಣ್ಣ ಪೇಪರು ಇಳಿಸಲಿಲ್ಲ. ಅಕ್ಷೋಭ್ಯ ಚಪ್ಪಲಿ ಹುಡುಕಿದ. ಗೋಪಿಕಾ ಸುಬ್ಬಾತಾಳ್ ತಂದ ತೆಂಗಿನಕಾಯಿಗಳನ್ನು ಒಂದೊಂದಾಗಿ ಎಡಗೈಯಿಂದ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು.

"ಅತ್ತೆ," ಎಂದಳು. "ಅವರು ಹೇಳಿದ್ದಕ್ಕಲ್ಲ."

"ಏನು ಅವರು ಹೇಳಿದ್ದಕ್ಕಲ್ಲ? ನಿಮ್ಮಪ್ಪ ಹೇಳಿದ್ದು ನನ್ನ ಕಿವಿಯಾರ ಕೇಳಿದೀನಿ."

"ಅಪ್ಪ ಹೇಳಿದ್ದಕ್ಕೆ ಶರಿ ಅಂದೆ. ಫೋನ್ ಇಟ್ಟ ಮೇಲೆ ಅಪ್ಪ ಏನು ನೋಡ್ತಾರಾ? ನಾನು ಹುಡುಗರ ಬಸ್ಸೇ ಹತ್ತೋದು ಅಂತ ಬೆಳಗ್ಗೇನೇ ತೀರ್ಮಾನ ಮಾಡಿದ್ದೆ. ಬ್ಯಾಗೂ ಹಾಕಿದ್ದೆ. ಒಂದು ಮಾತು ಕೇಳಿದ ಹಾಗಿರಲಿ ಅಂತ ಫೋನ್ ಮಾಡಿದ್ದು ಅಷ್ಟೇ." ಅವಳು ಇನ್ನೊಂದು ಕಾಯಿ ಎತ್ತಿ ಇಟ್ಟಳು. "ನೀವು ಆ ಮಾತು ಆಡಿದಾಗ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಆಮೇಲೂ ಅವನು ಬಾ ಅಂತ ಕರೆದ. ಎರಡು ಸಲ ಕರೆದ. ಹನ್ನೆರಡು ಗಂಟೆ ಅವನ ಎದುರು ಕೂತ್ಕೊಂಡು ಬರೋದಕ್ಕೆ ನನಗೆ ಮುಖ ಇರಲಿಲ್ಲ. ಅದಕ್ಕೇ ಆ ಬಸ್ಸಿಗೆ ಹೋದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬುಟ್ಟಿಯನ್ನು ಎತ್ತಲು ಅವಳಿಗೆ ಆಗಲಿಲ್ಲ. ಶ್ರೀವಾಣಿ ಎದ್ದು ಬಂದು ಇನ್ನೊಂದು ಕಡೆ ಹಿಡಿದಳು, ತಾಯಿ ಮಗಳು ಅದನ್ನು ಒಳಗೆ ತೆಗೆದುಕೊಂಡು ಹೋದರು.